ಮುಗಿದ್ಮೇಲೇನೇ ಗೊತ್ತಾಗುತ್ತೆ ಮೇಡಂ

(ಗುರುತು ಸಿಗದ ಹಾಗೆ ವಿವರ ಬದಲಿಸಿದೀನಿ.)

ಮೂವತ್ತೈದರ ಆಸುಪಾಸಿನ ಹೆಣ್ಮಗಳು, ಹೊಸ ಊರಿಗೆ ಬಂದು ಒಂದೂವರೆ ವರ್ಷ, ಕೆಲಸ ಮನೆಯಿಂದಾನೇ. ನಿದ್ದೆ ಬರ್ತಿಲ್ಲ ಅಂತ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದಿದ್ರು, ಎರಡನೇ ಸಲ ಬಂದಾಗ ಮಾತು ಬೇರೆ ಕಡೆ ಹೊರಳ್ತು. "ಇಲ್ಲಿ ಏನೇನೋ ನಡೆಯುತ್ತೆ ಮೇಡಂ, ನಂಗೆ ಗೊತ್ತಾಗೋದು ಮಾತ್ರ ಮಾರನೇ ದಿನ, ಯಾರದೋ ಫೋಟೋ ನೋಡಿ."

ಫೋನ್ ತೆಗೆಸಿ ಇಬ್ರೂ ಕೂತು ನೋಡಿದ್ವಿ. ನಲವತ್ತರ ಹತ್ರ ಕಾರ್ಯಕ್ರಮಗಳಿಗೆ 'ಇಂಟರೆಸ್ಟೆಡ್' ಅಂತ ಒತ್ತಿದಾರೆ, ಹೋಗಿರೋದು ಎರಡಕ್ಕೆ, ಎರಡೂ ಸಾವಿರಾರು ಜನ ಸೇರೋ ಅಂಥವು, ಒಂದು ಮೂಲೇಲಿ ನಿಂತು ಇನ್ನಷ್ಟು ಬೇಜಾರು ಹೊತ್ಕೊಂಡು ವಾಪಸ್ ಬಂದಿದಾರೆ. ಅಂದ್ರೆ ಹುಡುಕೋದೇ ಒಂದು ಕೆಲಸ ಆಗಿಬಿಟ್ಟಿತ್ತು, ಹೋಗೋದನ್ನ ಮುಂದೂಡೋಕೆ ಅದೊಂದು ನೆಪ. (ಇದನ್ನ ಆವತ್ತೇ ಬಾಯಿಬಿಟ್ಟು ಹೇಳ್ಲಿಲ್ಲ, ಹೇಳಿದ್ರೆ ಮೂರನೇ ಸಲ ಬರ್ತಿರ್ಲಿಲ್ಲ.)

ನಾನು ಹೇಳಿದ್ದು ಇಷ್ಟು. ಫೀಡ್, ಅಂದ್ರೆ ಆ್ಯಪ್ ತೆರೆದಾಗ ಕಾಣೋ ಪೋಸ್ಟ್‌ಗಳ ಸಾಲು, ನೋಟಿಸ್ ಬೋರ್ಡ್ ಅಲ್ಲ, ಲೈಕ್ ಜಾಸ್ತಿ ಬಿದ್ದಿದ್ದನ್ನ ಮುಂದೆ ತರುತ್ತೆ, ಲೈಕ್ ಬೀಳೋದು ಮುಗಿದ್ಮೇಲಿನ ಫೋಟೋಗೇ. ಹತ್ತು ಜನ ಕೂತು ಓದೋರು, ಒಟ್ಟಿಗೆ ವಾಕ್ ಹೋಗೋರು, ಪಾರ್ಕ್ ಕ್ಲೀನ್ ಮಾಡೋರು ಜಾಹೀರಾತು ಕೊಡಲ್ಲ, ಲೈಬ್ರರಿ ಬೋರ್ಡಲ್ಲಿ ಒಂದು ಚೀಟಿ ಇಲ್ಲಾ ಯಾರದೋ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜು, ಅಷ್ಟೇ. ಆ ಗ್ರೂಪಿಗೆ ದಾರಿ ಅರ್ಧಂಬರ್ಧ ಪರಿಚಯದವರು. ಮಾರ್ಕ್ ಗ್ರಾನೊವೆಟ್ಟರ್ ಅನ್ನೋ ಸಮಾಜಶಾಸ್ತ್ರಜ್ಞರು 1973ರಲ್ಲೇ ಇದನ್ನ ಬರೆದಿದ್ರು, ಹೊಸ ಕೆಲಸದ ಸುದ್ದಿ ಜನಕ್ಕೆ ಹೆಚ್ಚಾಗಿ ಸಿಕ್ಕಿದ್ದು ಆಗೊಮ್ಮೆ ಈಗೊಮ್ಮೆ ಸಿಗೋರಿಂದ, ಯಾಕಂದ್ರೆ ಆಪ್ತರಿಗೆ ಗೊತ್ತಿರೋದು ಬಹುಪಾಲು ನಮಗೂ ಗೊತ್ತಿರುತ್ತೆ.

ಹಾಗಾಗಿ ಲೈಬ್ರರಿಗೆ ಹೋಗಿ, ಬೋರ್ಡ್ ಓದಿ, ಕೌಂಟರಲ್ಲಿ ಇರೋರನ್ನ "ಇಲ್ಲಿ ಪ್ರತಿ ವಾರ ಏನಾದ್ರೂ ನಡೆಯುತ್ತಾ" ಅಂತ ಕೇಳಿ ಅಂದೆ. ಪ್ರತಿ ವಾರ ಅನ್ನೋದು ಮುಖ್ಯ. ಗೆಳೆತನದ ಬಗ್ಗೆ ಸಂಶೋಧನೆ ಮಾಡೋ ಜೆಫ್ರಿ ಹಾಲ್ ಅವರ 2018ರ ಅಧ್ಯಯನದಲ್ಲಿ ಮುಖಪರಿಚಯ ಸಾಧಾರಣ ಗೆಳೆತನ ಆಗೋಕೆ ಸುಮಾರು 50 ಗಂಟೆ ಬೇಕು ಅಂತ ಬಂತು, ವಾರಕ್ಕೆ ಎರಡು ಗಂಟೆ ಅಂದ್ರೆ ಆರು ತಿಂಗಳು, ಒಂದೇ ದಿನದ ಜಾತ್ರೆಯಿಂದ ಅದು ಆಗೋ ಮಾತಲ್ಲ.

ಮೊದಲ ಪ್ರಯತ್ನ ಕೆಟ್ಟೋಯ್ತು. ಬೋರ್ಡಲ್ಲಿದ್ದ ಚೀಟಿ ಹಳೇದು, ಹೋದ್ರೆ ಬಾಗಿಲು ಹಾಕಿತ್ತು, ನನ್ ಮೇಲೂ ಸಿಟ್ಟು ಬಂದಿತ್ತು, ನ್ಯಾಯವೇ, ಹೊರಡೋ ಮುಂಚೆ ಫೋನ್ ಮಾಡಿ ವಿಚಾರಿಸಿ ಅಂತ ನಾನು ಹೇಳಬೇಕಿತ್ತು. ಆಮೇಲೆ ಕೌಂಟರಿನವರ ಮೂಲಕ ಒಂದು ಓದೋ ಗುಂಪು ಸಿಕ್ತು. ಒಳಗೆ ಕಾಲಿಡೋದೇ ಭಯ ಅಂದ್ರು. ಹತ್ತು ನಿಮಿಷ ಮುಂಚೆ ಹೋಗಿ, ಕುರ್ಚಿ ಹಾಕ್ತಿರ್ತಾರೆ, ನೀವೂ ಒಂದು ಕೈ ಹಾಕಿ, ಕೈಗೆ ಕೆಲಸ ಇದ್ರೆ ಮಾತು ತಾನಾಗೇ ಬರುತ್ತೆ ಅಂದೆ. ಇಷ್ಟ ಆದ್ರೂ ಆಗದಿದ್ರೂ ನಾಲ್ಕು ಸಲ ಹೋಗಿ, ಆಮೇಲೆ ತೀರ್ಮಾನ ಮಾಡಿ. ಗ್ರೂಪಿಗೆ ಸೇರಿದ ತಕ್ಷಣ ಮನೆ ವಿಳಾಸ ಹಾಕ್ಬೇಡಿ, ಅದೂ ಹೇಳಿದೆ.

ಆರು ವಾರ ಆಯ್ತು, ಐದು ಸಲ ಹೋಗಿದಾರೆ, ವಾಕಿಂಗ್ ಗುಂಪಿನ ವಿಷಯಾನೂ ಅಲ್ಲೇ ಕಿವಿಗೆ ಬಿದ್ದಿದೆ. ನಿದ್ದೆ ಮಾತ್ರ ಇನ್ನೂ ಸರಿ ಹೋಗಿಲ್ಲ, ಅದಕ್ಕೆ ಡಾಕ್ಟರ್ ಹತ್ರ ಕಳಿಸಿದೀನಿ.