ಮೊಡವೆ ಇಳಿಯಿತು, ಮುಖ ಒಡೆಯಿತು

*ಚರ್ಮದ ಡಾಕ್ಟರ್ ಜೊತೆ ಓದುಗರ ಮಾತುಕತೆ*

ಪ್ರಶ್ನೆ: ಮೇಡಂ, ನನಗೆ 21 ವರ್ಷ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಕೆನ್ನೆ, ಗದ್ದದ ತುಂಬಾ ಗಂಟು ಗಂಟು ಮೊಡವೆ ಇದ್ದವು. ಡಾಕ್ಟರು ಐಸೊಟ್ರೆಟಿನೋಯಿನ್ 20 ಮಿ.ಗ್ರಾಂ. ಮಾತ್ರೆ ದಿನಕ್ಕೊಂದು ಬರೆದಿದ್ದಾರೆ. ಎರಡು ತಿಂಗಳಾಯಿತು, ಮೊಡವೆ ಅರ್ಧಕ್ಕರ್ಧ ಇಳಿದಿವೆ. ಆದರೆ ತುಟಿ ಒಡೆದು ಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ. ಮೂಗಿನ ಪಕ್ಕ ಸಿಪ್ಪೆ ಏಳುತ್ತದೆ. ಬೆಳಿಗ್ಗೆ ಮೂಗಿನಲ್ಲಿ ಸ್ವಲ್ಪ ರಕ್ತ ಕಾಣುತ್ತದೆ. ದಿನಕ್ಕೆ ನಾಲ್ಕು ಸಲ ಮೊಡವೆಯ ಫೇಸ್ ವಾಶ್ ಹಾಕುತ್ತೇನೆ, ವಾರಕ್ಕೆರಡು ಸಲ ಸ್ಕ್ರಬ್, ಭಾನುವಾರ ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಹಚ್ಚುತ್ತೇನೆ. ಆದರೂ ಸಿಪ್ಪೆ ಹೋಗುತ್ತಿಲ್ಲ. ಅಜ್ಜಿ "ಉಷ್ಣ ಆಗೈತಿ, ಗುಳಿಗಿ ಬಿಡು" ಅನ್ನುತ್ತಾರೆ. ಜನವರಿಯಲ್ಲಿ ಅಕ್ಕನ ಮದುವೆ. ಮಾತ್ರೆ ನಿಲ್ಲಿಸಲೇ?

ಉತ್ತರ: ಮಾತ್ರೆ ಇರಲಿ. ಉಳಿದದ್ದೆಲ್ಲ ನಿಲ್ಲಿಸಿ.

ನಿಮ್ಮ ಪತ್ರ ಓದುವಾಗ ನಾನು ಪೆನ್ನು ಹಿಡಿದು ಒಂದೊಂದನ್ನೇ ಹೊಡೆದು ಹಾಕುತ್ತಾ ಹೋದೆ. ಮೊಡವೆಯ ಫೇಸ್ ವಾಶ್ ಬೇಡ. ಸ್ಕ್ರಬ್ ಬೇಡ. ಕಡಲೆಹಿಟ್ಟು ಬೇಡ, ನಿಂಬೆರಸವಂತೂ ಬೇಡವೇ ಬೇಡ. "ಆದರೂ ಸಿಪ್ಪೆ ಹೋಗುತ್ತಿಲ್ಲ" ಎಂದು ಬರೆದಿದ್ದೀರಿ. ಆದರೂ ಅಲ್ಲ, ಅದರಿಂದಲೇ.

ಈ ಮಾತ್ರೆ ವಿಟಮಿನ್ ಎ ಕುಟುಂಬದ್ದು. ಅಮೆರಿಕದಲ್ಲಿ 1982ರಲ್ಲಿ ಮೊಡವೆಗೆ ಒಪ್ಪಿಗೆ ಸಿಕ್ಕಿತು. ಆಮೇಲೆ ಎಷ್ಟೋ ಔಷಧಿ ಬಂದಿವೆ, ಗಂಟು ಮೊಡವೆಗೆ ಇದರಷ್ಟು ಕೆಲಸ ಮಾಡುವುದು ಇನ್ನೂ ಬಂದಿಲ್ಲ. ಚರ್ಮದೊಳಗೆ ಎಣ್ಣೆ ಸುರಿಸುವ ಗ್ರಂಥಿಗಳನ್ನು ಇದು ಕುಗ್ಗಿಸುತ್ತದೆ. ಎಣ್ಣೆ ಕಡಿಮೆಯಾದರೆ ಮೊಡವೆ ಕಡಿಮೆ. ಆದರೆ ಅದೇ ಎಣ್ಣೆ ಚರ್ಮವನ್ನು ಮೆತ್ತಗೆ ಇಟ್ಟಿತ್ತು, ಅಲ್ವಾ? ಜೊತೆಗೆ ಚರ್ಮದ ಮೇಲ್ಪದರವೂ ತೆಳುವಾಗುತ್ತದೆ, ಒಳಗಿನ ನೀರು ಬೇಗ ಆರಿಹೋಗುತ್ತದೆ. ತುಟಿಗೆ ಮೊದಲೇ ಎಣ್ಣೆ ಗ್ರಂಥಿ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಮೊದಲ ಪೆಟ್ಟು ಅದಕ್ಕೇ. ಈ ಮಾತ್ರೆ ನುಂಗುವ ಹೆಚ್ಚುಕಡಿಮೆ ಎಲ್ಲರ ತುಟಿಯೂ ಒಣಗುತ್ತದೆ. ನನ್ನ ಧಾರವಾಡದ ಕ್ಲಿನಿಕ್ಕಿಗೆ ಬರುವ ಹುಡುಗರು "ದಿನಾ ತಪ್ಪದೆ ತೊಗೊಂಡೀನಿ ಮೇಡಂ" ಎಂದಾಗ ನಾನು ಮೊದಲು ತುಟಿ ನೋಡುತ್ತೇನೆ. ಗುಲಾಬಿ ದಳದ ಹಾಗೆ ನುಣ್ಣಗಿದ್ದರೆ ಮುಂದಿನ ಪ್ರಶ್ನೆ: ಎಷ್ಟು ಮಾತ್ರೆ ಉಳಿದಿವೆ, ತೋರಿಸಪ್ಪಾ.

ಈಗ ತುಟಿಗೆ ಏನು ಮಾಡುವುದು? ಬಿಳಿ ಪೆಟ್ರೋಲಿಯಂ ಜೆಲ್ಲಿ. ಯಾವ ಮೆಡಿಕಲ್ ಅಂಗಡಿಯಲ್ಲೂ ಸಿಗುವ ಸಾದಾ ಡಬ್ಬಿ. ಬಣ್ಣ, ವಾಸನೆ, ಪುದೀನದ ತಂಪು ಇರುವ ಲಿಪ್ ಬಾಮ್ ಒಡೆದ ತುಟಿಗೆ ಉರಿ ಜಾಸ್ತಿ ಮಾಡುತ್ತದೆ. ಊಟವಾದ ಮೇಲೆ, ಮಲಗುವ ಮುಂಚೆ, ಮಧ್ಯೆ ಒಣಗಿದಾಗೆಲ್ಲ ಹಚ್ಚಿ. ನಾಲಿಗೆಯಿಂದ ಸವರಬೇಡಿ, ಎಂಜಲು ಆರಿದಾಗ ತುಟಿ ಇನ್ನೂ ಒಣಗುತ್ತದೆ. ಎದ್ದ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಎಳೆಯಬೇಡಿ. ಓದುವಾಗ ಈ ಚಟ ಎಲ್ಲರಿಗೂ ಇರುತ್ತದೆ, ಗೊತ್ತು. ಅಜ್ಜಿ ತುಪ್ಪ ಹಚ್ಚು ಅಂದರೆ ಹಚ್ಚಿಸಿಕೊಳ್ಳಿ, ತೊಂದರೆಯಿಲ್ಲ. ಆದರೆ ಅದು ಹತ್ತು ನಿಮಿಷದಲ್ಲಿ ಹೊಟ್ಟೆ ಸೇರಿರುತ್ತದೆ. ತುಟಿಯ ಮೂಲೆ ಸೀಳಿ ಹಳದಿ ಹಕ್ಕಳೆ ಕಟ್ಟಿದರೆ ಸೋಂಕು ಸೇರಿರಬಹುದು. ಆಗ ಜೆಲ್ಲಿ ಸಾಲದು, ಡಾಕ್ಟರಿಗೆ ತೋರಿಸಿ.

ಮೂಗಿನೊಳಗೂ ಅದೇ ಒಣಗುವಿಕೆ. ರಾತ್ರಿ ಬೆರಳ ತುದಿಯಲ್ಲಿ ಅದೇ ಜೆಲ್ಲಿ ತೆಗೆದುಕೊಂಡು ಹೊಳ್ಳೆಯ ಒಳಅಂಚಿಗೆ ತೆಳುವಾಗಿ ಸವರಿ. ಉಪ್ಪುನೀರಿನ ಮೂಗಿನ ಡ್ರಾಪ್ಸ್ ಕೂಡ ಒಳ್ಳೆಯದು. ರಕ್ತ ಸುರಿದರೆ ತಲೆ ಹಿಂದಕ್ಕೆ ಎತ್ತಬೇಡಿ. ಮುಂದಕ್ಕೆ ಬಾಗಿ ಕೂತು, ಮೂಗಿನ ಮೆತ್ತನೆಯ ಭಾಗವನ್ನು ಬಿಡದೆ 10 ನಿಮಿಷ ಒತ್ತಿ ಹಿಡಿಯಿರಿ. ಆಮೇಲೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ.

ಮುಖಕ್ಕೆ ದಿನಕ್ಕೆ ಎರಡೇ ಸಲ ನೀರು. ಬೆಳಿಗ್ಗೆ ಬರೀ ನೀರಾದರೂ ನಡೆಯುತ್ತದೆ. ಸಂಜೆ ನೊರೆ ಕಡಿಮೆ ಬರುವ, ವಾಸನೆಯಿಲ್ಲದ ಕ್ಲೆನ್ಸರ್. ಮೈಸೋಪು ಮುಖಕ್ಕೆ ಬೇಡ. ನಮ್ಮ ಚರ್ಮ ಸ್ವಲ್ಪ ಆಮ್ಲದ ಗುಣದ್ದು, ಸೋಪು ಕ್ಷಾರ. ಅದರ ಮೇಲೆ ನಿಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಸೋಪಿನ ಜೊತೆ ಸೇರಿ ಬಿಳಿ ಗಸಿ ಮುಖದ ಮೇಲೆ ಉಳಿದುಬಿಡುತ್ತದೆ. ಬಕೆಟ್ಟಿನ ಒಳಗೆ ಕಟ್ಟುವ ಪಾಚಿಯಂಥ ಬಿಳಿ ಕರೆ ನೋಡಿದ್ದೀರಲ್ಲ, ಹಾಗೆ. ಬಿಸಿನೀರು ಬೇಡ, ಉಗುರು ಬೆಚ್ಚಗಿನದು ಸಾಕು. ಟವೆಲ್ಲಿನಿಂದ ತಿಕ್ಕದೆ ಒತ್ತಿ ಒರೆಸಿ, ತೇವ ಪೂರ್ತಿ ಆರುವ ಮುಂಚೆ ಮಾಯಿಶ್ಚರೈಸರ್ ಹಚ್ಚಿ. ಲೇಬಲ್ಲಿನಲ್ಲಿ ಗ್ಲಿಸರಿನ್ ಅಥವಾ ಸೆರಮೈಡ್ ಇದೆಯೇ, "ನಾನ್ ಕೊಮೆಡೊಜೆನಿಕ್" ಎಂದು ಬರೆದಿದೆಯೇ ನೋಡಿ. ಹಾಗೆಂದರೆ ರಂಧ್ರ ಮುಚ್ಚಿಸುವಂಥದ್ದಲ್ಲ. ಬೆಲೆ ಜಾಸ್ತಿಯಿದ್ದರೆ ಗುಣವೂ ಜಾಸ್ತಿ ಅಂದುಕೊಳ್ಳಬೇಡಿ. ಗುಲಾಬಿ ವಾಸನೆ ಬಂದರೆ ಅಲ್ಲೇ ಇಟ್ಟು ಬನ್ನಿ.

ಚಳಿಗಾಲದಲ್ಲೂ ನಿಮ್ಮೂರ ಬಿಸಿಲು ಬಿಸಿಲೇ. ಈ ಮಾತ್ರೆಯಲ್ಲಿ ಚರ್ಮ ಬೇಗ ಸುಡುತ್ತದೆ. ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನ್ ಹಚ್ಚಿ. ಜೆಲ್ ರೂಪದ್ದು ಈಗ ಉರಿಯಬಹುದು, ಕ್ರೀಮ್ ರೂಪದ್ದು ತೆಗೆದುಕೊಳ್ಳಿ. ತಲೆಗೆ ದುಪ್ಪಟ್ಟಾವೂ ಇರಲಿ.

ಮಾತ್ರೆಯನ್ನು ಊಟದ ಜೊತೆಗೇ ನುಂಗಿ. ಜಿಡ್ಡಿನಂಶವಿದ್ದರೆ ಮಾತ್ರ ಇದು ಚೆನ್ನಾಗಿ ಮೈಗೆ ಸೇರುತ್ತದೆ, ಖಾಲಿ ಹೊಟ್ಟೆಯಲ್ಲಿ ಅರ್ಧದಷ್ಟೂ ಸೇರುವುದಿಲ್ಲ. ರೊಟ್ಟಿ, ಶೇಂಗಾ ಹಿಂಡಿ, ಮೇಲೊಂದು ಚಮಚ ತುಪ್ಪ, ಇಷ್ಟೇ ಸಾಕು. ಇಷ್ಟೆಲ್ಲ ಮಾಡಿಯೂ ಮೂರು ವಾರದಲ್ಲಿ ತಡೆಯಲಾಗದಿದ್ದರೆ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಒಣಗುವುದು ಡೋಸಿನ ಮೇಲೆ ನಿಂತಿದೆ, ಅವರು ಡೋಸು ಇಳಿಸಬಹುದು. ತಾನಾಗಿ ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಆದರೆ ತಡೆಯಲಾಗದ ತಲೆನೋವು ಬಂದು ಕಣ್ಣು ಮಂಜಾದರೆ, ಅಥವಾ ಮನಸ್ಸು ಕಾರಣವಿಲ್ಲದೆ ಕುಸಿದಂತಾದರೆ ಕಾಯಬೇಡಿ. ಮಾತ್ರೆ ನಿಲ್ಲಿಸಿ, ಅದೇ ದಿನ ಡಾಕ್ಟರನ್ನು ಕಾಣಿ. ಲಿವರ್ ಮತ್ತು ಕೊಬ್ಬಿನ ರಕ್ತ ಪರೀಕ್ಷೆ ಹೇಳಿದ್ದರೆ ತಪ್ಪಿಸಬೇಡಿ. ಕಾಲೇಜಿನಲ್ಲಿ ರಕ್ತದಾನ ಶಿಬಿರ ಬಂದರೆ ನೀವು ಕೊಡುವಂತಿಲ್ಲ, ಮಾತ್ರೆ ಮುಗಿದು ಒಂದು ತಿಂಗಳವರೆಗೂ. ಯಾಕೆ ಎನ್ನುವುದಕ್ಕೆ ಈ ಪುಟದ ಕೊನೆಯ ಉತ್ತರ ಓದಿ. ಅದು ನಿಮಗೂ ಸೇರಿದ್ದೇ.

ಇನ್ನು ಮದುವೆ. ಪಾರ್ಲರಿನವರು ವ್ಯಾಕ್ಸಿಂಗ್ ಮಾಡುತ್ತೇನೆ ಅಂದರೆ ಖಂಡಿತ ಬೇಡ ಅನ್ನಿ. ಕೂದಲ ಜೊತೆ ಚರ್ಮವೂ ಕಿತ್ತು ಬಂದು ಕಲೆ ಉಳಿಯುತ್ತದೆ. ಮಾತ್ರೆ ಮುಗಿದು ಆರು ತಿಂಗಳು ಕಾಯಬೇಕು. ಬ್ಲೀಚ್, ಫೇಶಿಯಲ್ ಕೂಡ ಈ ಸಲ ಬಿಡಿ. ಅರಿಶಿನ ಹಚ್ಚುವಾಗ ಕೈಕಾಲಿಗೆ ಎಷ್ಟು ಬೇಕಾದರೂ ಹಚ್ಚಿಸಿಕೊಳ್ಳಿ, ಮುಖಕ್ಕೆ ಒಂದು ಬೊಟ್ಟು ಸಾಕು. ಮೇಕಪ್ ಹಾಕಬಹುದು. ಮೊದಲು ಮಾಯಿಶ್ಚರೈಸರ್ ಹಚ್ಚಿ ಕಾಲು ಗಂಟೆ ಬಿಡಿ, ಇಲ್ಲದಿದ್ದರೆ ಫೋಟೋದಲ್ಲಿ ಸಿಪ್ಪೆಯೇ ಎದ್ದು ಕಾಣುತ್ತದೆ.

ಪ್ರಶ್ನೆ: ನಮ್ಮ ಮಗ ಪಿಯುಸಿ, 16 ವರ್ಷ. ಮೊಡವೆಗೆ ಅಡಾಪಲೀನ್ ಮತ್ತು ಬೆಂಜಾಯ್ಲ್ ಪೆರಾಕ್ಸೈಡ್ ಸೇರಿದ ಜೆಲ್ ಕೊಟ್ಟಿದ್ದಾರೆ. ಬೇಗ ವಾಸಿಯಾಗಲಿ ಎಂದು ಮೊಡವೆ ಮೇಲೆ ದಪ್ಪಗೆ ಬಳಿದುಕೊಂಡು ಮಲಗುತ್ತಾನೆ. ವಾರದಲ್ಲೇ ಮುಖ ಸುಟ್ಟ ಹಾಗೆ ಕೆಂಪಾಯಿತು. ನಾನು ಕೊಬ್ಬರಿ ಎಣ್ಣೆ ಸವರುತ್ತಿದ್ದೇನೆ. ಅವನು ಒರೆಸಿಕೊಂಡ ನೀಲಿ ಟವೆಲ್, ದಿಂಬಿನ ಕವರ್ ಎಲ್ಲ ಬಿಳಿ ಮಚ್ಚೆ. ಬಟ್ಟೆಯನ್ನೇ ಸುಡುವ ಔಷಧಿ ಮುಖಕ್ಕೆ ಸರಿಯೇ? (ತೀರ್ಥಹಳ್ಳಿಯಿಂದ ಒಬ್ಬ ತಾಯಿ)

ಉತ್ತರ: ಅಮ್ಮಾ, ಟವೆಲ್ ಸುಟ್ಟಿಲ್ಲ, ಅದರ ಬಣ್ಣ ಹೋಗಿದೆ. ಬೆಂಜಾಯ್ಲ್ ಪೆರಾಕ್ಸೈಡಿನ ಗುಣವೇ ಅದು. ಅವನಿಗೆ ಹಳೆಯ ಬಿಳಿ ಟವೆಲ್, ಬಿಳಿ ದಿಂಬಿನ ಕವರ್ ಕೊಟ್ಟುಬಿಡಿ. ಹುಡುಗನ ಚರ್ಮದ ಬಣ್ಣ ಅದರಿಂದ ಬಿಳಿಯಾಗುವುದಿಲ್ಲ.

ಮುಖ ಕೆಂಪಾದದ್ದು ಪ್ರಮಾಣದಿಂದ. ಈ ಜೆಲ್ ಒಂದೊಂದು ಮೊಡವೆ ಹುಡುಕಿ ಬಳಿಯುವ ಮುಲಾಮಲ್ಲ. ಇಡೀ ಮುಖಕ್ಕೆ ಸೇರಿ ಒಂದು ಬಟಾಣಿ ಕಾಳಿನಷ್ಟು, ಅಷ್ಟೇ. ಮುಂದೆ ಬರುವ ಮೊಡವೆಯನ್ನು ತಡೆಯುವುದು ಅದರ ಕೆಲಸ. ಹುಡುಗರಿಗೆ ಇದನ್ನು ಒಪ್ಪಿಸುವುದು ಕಷ್ಟ, ನನಗೆ ಗೊತ್ತು. ಎರಡರಷ್ಟು ಹಚ್ಚಿದರೆ ಎರಡರಷ್ಟು ಬೇಗ ಅನ್ನುವ ಲೆಕ್ಕ ಅವರದು.

ಈಗ ಐದು ದಿನ ಜೆಲ್ ನಿಲ್ಲಿಸಿ. ಬರೀ ಮಾಯಿಶ್ಚರೈಸರ್ ಹಚ್ಚಲಿ. ಉರಿ ಇಳಿದ ಮೇಲೆ ವಾರಕ್ಕೆ ಎರಡು ರಾತ್ರಿಯಿಂದ ಮತ್ತೆ ಶುರು ಮಾಡಿ. ಮುಖ ತೊಳೆದು 20 ನಿಮಿಷ ಬಿಡಬೇಕು, ಒದ್ದೆ ಚರ್ಮಕ್ಕೆ ಹಚ್ಚಿದರೆ ಉರಿ ಜಾಸ್ತಿ. ಮೊದಲು ತೆಳುವಾಗಿ ಮಾಯಿಶ್ಚರೈಸರ್, ಆಮೇಲೆ ಜೆಲ್, ಅದರ ಮೇಲೆ ಮತ್ತೆ ಮಾಯಿಶ್ಚರೈಸರ್. ಕಣ್ಣಿನ ಸುತ್ತ, ಮೂಗಿನ ಮೂಲೆ, ಬಾಯಿಯ ಮೂಲೆ ಬಿಡಿ. ತಡೆದುಕೊಂಡರೆ ದಿನ ಬಿಟ್ಟು ದಿನ, ಒಂದು ತಿಂಗಳ ನಂತರ ದಿನಾ. ಫಲ ಕಾಣಲು 8ರಿಂದ 12 ವಾರ ಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ಇಲ್ಲದಿದ್ದರೆ ಮೂರನೇ ವಾರಕ್ಕೇ "ಇದು ವೇಸ್ಟು" ಅನ್ನುತ್ತಾನೆ.

ಕೊಬ್ಬರಿ ಎಣ್ಣೆ ಮೈಗೆ, ತಲೆಗೆ ಒಳ್ಳೆಯದೇ. ಮೊಡವೆಯ ಮುಖಕ್ಕೆ ಮಾತ್ರ ಬೇಡ, ರಂಧ್ರ ಮುಚ್ಚುತ್ತದೆ.

ಪ್ರಶ್ನೆ: ಮೊಡವೆ ಜೆಲ್‌ನಿಂದ ಸಿಪ್ಪೆ ಏಳುತ್ತಿತ್ತು. ಮೆಡಿಕಲ್ ಶಾಪಿನವರು ಒಂದು ಟ್ಯೂಬ್ ಕೊಟ್ಟರು. ಎರಡೇ ದಿನದಲ್ಲಿ ಮುಖ ನುಣುಪಾಯಿತು, ಬೆಳ್ಳಗೂ ಆಯಿತು. ನಾಲ್ಕು ತಿಂಗಳಿಂದ ಅದನ್ನೇ ಹಚ್ಚುತ್ತಿದ್ದೇನೆ. ಒಂದು ದಿನ ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ, ಸಣ್ಣ ಗುಳ್ಳೆ ಏಳುತ್ತವೆ. (ಹೆಸರು ಬೇಡ, ಹಾವೇರಿ)

ಉತ್ತರ: ಟ್ಯೂಬ್ ತಿರುಗಿಸಿ ಸಣ್ಣಕ್ಷರ ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಇವುಗಳಲ್ಲಿ ಯಾವುದಾದರೂ ಇದ್ದೀತು. ಇವು ಸ್ಟೀರಾಯ್ಡ್. ಎರಡು ದಿನದ ಆ ನುಣುಪು ವಾಸಿಯಾದದ್ದಲ್ಲ, ಉರಿಯೂತ ಅದುಮಿ ಹೋದದ್ದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ರಕ್ತನಾಳಗಳು ಕಾಣುತ್ತವೆ, ಮೊಡವೆಯೂ ಅದರಿಂದಲೇ ಏಳುತ್ತದೆ. ಬಿಟ್ಟರೆ ಉರಿ, ಉರಿಗೆ ಮತ್ತೆ ಅದೇ ಟ್ಯೂಬ್. ಈ ಸುಳಿಯಲ್ಲಿ ಸಿಕ್ಕಿದವರು ನನ್ನಲ್ಲಿಗೆ ಪ್ರತಿವಾರ ಬರುತ್ತಾರೆ.

ಇಂಥ 14 ಸ್ಟೀರಾಯ್ಡುಗಳನ್ನು ಸರ್ಕಾರ 2018ರಲ್ಲಿ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಎಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರುತ್ತಾರೆ, ಅದು ಬೇರೆ ಮಾತು. ನೀವು ಟ್ಯೂಬ್ ಸಮೇತ ಚರ್ಮದ ಡಾಕ್ಟರ ಹತ್ತಿರ ಹೋಗಿ. ಹೇಗೆ ಬಿಡಿಸಬೇಕು ಎಂದು ಅವರು ಹೇಳುತ್ತಾರೆ. ಅಷ್ಟರವರೆಗೆ ಮೊಡವೆ ಜೆಲ್ ಬೇಡ. ಸಾದಾ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಸಾಕು. ಕೆಲವು ವಾರ ಮುಖ ಕೆಂಪಾಗಿರುತ್ತದೆ. ಹೆದರಿ ಮತ್ತೆ ಟ್ಯೂಬ್ ಒತ್ತಬೇಡಿ.

ಪ್ರಶ್ನೆ: ಐಸೊಟ್ರೆಟಿನೋಯಿನ್ ಶುರುವಾದ ಮೇಲೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಕಣ್ಣಲ್ಲಿ ಮರಳು ಬಿದ್ದ ಹಾಗಾಗುತ್ತದೆ. ದಿನಾ ಬೈಕಿನಲ್ಲಿ ಆಫೀಸಿಗೆ ಹೋಗುತ್ತೇನೆ. (ಬೆಂಗಳೂರು)

ಉತ್ತರ: ಮಾತ್ರೆ ಮುಗಿಯುವವರೆಗೆ ಕನ್ನಡಕ. ಚಂದ ಕಾಣುವುದಿಲ್ಲ ಅನ್ನಬೇಡಿ. ಕಣ್ಣೀರಿನ ಬದಲು ಹಾಕುವ ಡ್ರಾಪ್ಸ್ ಸಿಗುತ್ತವೆ, ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಇರುವಂಥವು, ದಿನಕ್ಕೆ ಮೂರು ನಾಲ್ಕು ಸಲ ಹಾಕಿ. ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೇ ಓಡಿಸಿ. ರಾತ್ರಿ ದೃಷ್ಟಿ ಮಂಕಾದಂತೆ ಅನಿಸಿದರೆ ಬೈಕ್ ಬಿಟ್ಟು ಬಸ್ಸಿನಲ್ಲಿ ಹೋಗಿ, ಡಾಕ್ಟರಿಗೂ ತಿಳಿಸಿ. ಈ ಮಾತ್ರೆಯಿಂದ ಹಾಗಾಗುವುದುಂಟು.

ಪ್ರಶ್ನೆ: ನನಗೆ 27, ಮದುವೆಯಾಗಿ ಒಂದು ವರ್ಷ. ತಂಗಿಗೆ ಬರೆದುಕೊಟ್ಟಿದ್ದ ಐಸೊಟ್ರೆಟಿನೋಯಿನ್ ಉಳಿದಿತ್ತು, ಅದನ್ನೇ ನುಂಗುತ್ತಿದ್ದೇನೆ. ಮೊಡವೆ ಹೋಯಿತು. ತುಟಿ ಒಣಗುವುದು ಬಿಟ್ಟರೆ ಏನೂ ತೊಂದರೆಯಿಲ್ಲ. ಮನೆಯಲ್ಲಿ ಎಲ್ಲರೂ ಮಗು ಯಾವಾಗ ಅನ್ನುತ್ತಿದ್ದಾರೆ, ನಾವೂ ಯೋಚಿಸುತ್ತಿದ್ದೇವೆ. ಒಳ್ಳೆಯ ಲಿಪ್ ಬಾಮ್ ಹೇಳಿ. (ಮಂಗಳೂರು)

ಉತ್ತರ: ಈ ಪತ್ರಕ್ಕೆ ಪತ್ರಿಕೆ ಬರುವವರೆಗೆ ಕಾಯಲಿಲ್ಲ. ಸಂಪಾದಕರಿಂದ ವಿಳಾಸ ಪಡೆದು ಅವತ್ತೇ ಉತ್ತರ ಕಳಿಸಿದ್ದೇನೆ. ಇಲ್ಲಿ ಬರೆಯುತ್ತಿರುವುದು ಇದೇ ಸ್ಥಿತಿಯಲ್ಲಿರುವ ಬೇರೆಯವರಿಗಾಗಿ.

ಇವತ್ತಿನಿಂದಲೇ ಮಾತ್ರೆ ನಿಲ್ಲಿಸಿ. ಈ ಮಾತ್ರೆ ನುಂಗುವಾಗ ಗರ್ಭ ನಿಂತರೆ ಮಗುವಿನ ಮಿದುಳು, ಹೃದಯ, ಮುಖ, ಕಿವಿಗೆ ತೀವ್ರ ಊನ ಆಗಬಹುದು. ಕೆಲವೇ ಮಾತ್ರೆ, ಕಡಿಮೆ ಡೋಸು ಎಂಬ ರಿಯಾಯಿತಿ ಇಲ್ಲ. ಅದಕ್ಕೇ ಹೆಣ್ಣುಮಕ್ಕಳಿಗೆ ಕೊಡುವ ಮುಂಚೆ ನಾವು ಗರ್ಭ ಪರೀಕ್ಷೆ ಮಾಡಿಸುತ್ತೇವೆ. ನುಂಗುವಷ್ಟು ಕಾಲವೂ, ನಿಲ್ಲಿಸಿದ ಮೇಲೆ ಒಂದು ತಿಂಗಳೂ ಗರ್ಭ ನಿಲ್ಲದಂತೆ ನೋಡಿಕೊಳ್ಳಿ ಎನ್ನುತ್ತೇವೆ. ರಕ್ತದಾನ ಬೇಡ ಎಂದದ್ದೂ ಇದೇ ಕಾರಣಕ್ಕೆ, ಆ ರಕ್ತ ಒಬ್ಬ ಬಸುರಿಗೆ ಹೋಗಬಹುದು. ಮುಟ್ಟು ಒಂದು ದಿನ ತಡವಾಗಿದ್ದರೂ ಪರೀಕ್ಷೆ ಮಾಡಿಕೊಂಡು ಹೆರಿಗೆ ಡಾಕ್ಟರನ್ನು ಕಾಣಿ, ಮಾತ್ರೆಯ ವಿಷಯ ಮುಚ್ಚಿಡಬೇಡಿ. ಪರೀಕ್ಷೆಯಲ್ಲಿ ಇಲ್ಲವೆಂದು ಬಂದರೆ ಒಂದು ತಿಂಗಳು ಎಚ್ಚರದಿಂದಿದ್ದು ಆಮೇಲೆ ಮಗುವಿನ ಯೋಚನೆ ಮಾಡಬಹುದು, ತೊಂದರೆಯಿಲ್ಲ. ಮೊಡವೆ ಮರಳಿದರೆ ಬಸುರಿಯಲ್ಲೂ ಹಚ್ಚಬಹುದಾದ ಬೇರೆ ಔಷಧಿ ಇವೆ, ಡಾಕ್ಟರನ್ನು ಕೇಳಿ.

ಉಳಿದ ಮಾತ್ರೆಗಳನ್ನು ತಂಗಿಗೆ ವಾಪಸ್ ಕೊಡಬೇಡಿ. ಪಕ್ಕದ ಮನೆಯ ಹುಡುಗಿಗೂ ಬೇಡ.