ಪ್ರತಿಕ್ರಿಯೆ: ಗ್ರಾಹಕರ ವಿವರಕ್ಕೆ ಪಾಪ್‌ಅಪ್ ಬೇಕೇ?

ತಂತ್ರಾಂಶದಲ್ಲಿ ಆರ್ಡರ್ ನಮೂದಿಸುವಾಗ ಗ್ರಾಹಕರ ಹಳೆಯ ಆರ್ಡರ್‌ಗಳನ್ನು ಪಾಪ್‌ಅಪ್‌ನಲ್ಲಿ (ಮೇಲೆ ತೆರೆದುಕೊಳ್ಳುವ ಪುಟ್ಟ ವಿಂಡೋದಲ್ಲಿ) ತೋರಿಸಲೇ, ಅದೇ ವಿಂಡೋದಲ್ಲಿ ಇಡಲೇ ಎಂದು ಕೇಳಿದ್ದೀರಿ. ಮಾಹಿತಿ ಶೇಖರಿಸಿಟ್ಟ ಡೇಟಾಬೇಸ್ ಟೇಬಲ್‌ಗಳನ್ನು ನೋಡಿ ತೀರ್ಮಾನಿಸಬೇಡಿ. ಬಳಸುವ 4-5 ಜನರ ಪಕ್ಕ ಕೂತು, ಪ್ರತಿ ಹೆಜ್ಜೆಗೂ ಯಾವ ಮಾಹಿತಿ ಬೇಕು, ಎಷ್ಟು ಸಲ ಬೇಕು, ಯಾವುದರ ಜೊತೆ ಹೋಲಿಸುತ್ತಾರೆ ಎಂದು ಬರೆದುಕೊಳ್ಳಿ. ಹೋಲಿಸಿ ನೋಡುವ ಮಾಹಿತಿ ಒಂದೇ ವಿಂಡೋದಲ್ಲಿ ಅಕ್ಕಪಕ್ಕ ಇರಲೇಬೇಕು. ಇಲ್ಲದಿದ್ದರೆ ಅಂಕಿಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಮೇಜಿನ ಮೇಲೆ ಅಂಥ ಚೀಟಿ ಕಂಡರೆ ವಿನ್ಯಾಸ ಎಲ್ಲೋ ತಪ್ಪಿದೆ ಎಂದೇ ತಿಳಿಯಿರಿ. ಮೋಡಲ್ ಪಾಪ್‌ಅಪ್ ಅಂತೂ ಬೇಡವೇ ಬೇಡ: ಅದನ್ನು ಮುಚ್ಚುವವರೆಗೆ ಹಿಂದಿನ ಫಾರ್ಮ್‌ನಲ್ಲಿ ಏನೂ ಟೈಪ್ ಮಾಡಲಾಗದು. ವಿಳಾಸ ಬದಲಾವಣೆಯಂಥ ಅಪರೂಪದ ಕೆಲಸಕ್ಕೆ ಬೇರೆ ವಿಂಡೋ ಇರಲಿ. ಕೋಡ್ ಬರೆಯುವ ಮೊದಲು ಕಾಗದದ ಮೇಲೆ ಗೀಚಿ, ಉದ್ದನೆಯ ಹೆಸರು, 20 ಸಾಲಿನ ಆರ್ಡರ್ ತುಂಬಿಸಿ ಪರೀಕ್ಷಿಸಿ.