ಕೆಲಸ ಒಂದೇ ಆದರೂ ವೀರ್ಯಾಣುವಿನ ಪ್ರೋಟೀನ್ ಪ್ರಾಣಿಯಿಂದ ಪ್ರಾಣಿಗೆ ಬೇರೆ ಯಾಕೆ?

ಎಲ್ಲ ಸಸ್ತನಿಗಳಲ್ಲೂ ವೀರ್ಯಾಣು ಅಂಡಾಣುವನ್ನು ಸೇರಲೇಬೇಕು. ಹಾಗಿದ್ದರೆ ಈ ಕೆಲಸ ಮಾಡುವ ಪ್ರೋಟೀನ್‌ಗಳು ಬದಲಾಗದೆ ಉಳಿಯಬೇಕಿತ್ತು ಅಲ್ವಾ, ಅನ್ನೋದು ನಿಮ್ಮ ಪ್ರಶ್ನೆ. ಆಗಿರುವುದು ಉಲ್ಟಾ. ದೇಹದ ಬೇರೆ ಎಷ್ಟೋ ಪ್ರೋಟೀನ್‌ಗಳಿಗಿಂತ ಇವು ಬೇಗ ಬದಲಾಗುತ್ತವೆ.

ವೀರ್ಯಾಣುವಿನ ಝೋನಾಡೆಸಿನ್ ಎಂಬ ಪ್ರೋಟೀನ್ ನೋಡಿ. ಅಂಡಾಣುವಿನ ಹೊರಕವಚಕ್ಕೆ ವೀರ್ಯಾಣು ಅಂಟುವಾಗ ‘ಇದು ನಮ್ಮದೇ ಜಾತಿಯದ್ದಾ’ ಎಂದು ಗುರುತಿಸಲು ಇದು ಬೇಕು. ಈ ಪ್ರೋಟೀನ್ ಇಲ್ಲದ ಗಂಡು ಇಲಿಗಳನ್ನು ವಿಜ್ಞಾನಿಗಳು ಬೆಳೆಸಿದರು. ಅವಕ್ಕೆ ಮರಿಗಳೇನೋ ಆದವು. ಆದರೆ ಅವುಗಳ ವೀರ್ಯಾಣು ಹಂದಿ, ಹಸು, ಮೊಲದ ಅಂಡಾಣುವಿನ ಕವಚಕ್ಕೂ ಜಾಸ್ತಿ ಅಂಟತೊಡಗಿತು! ನನಗೆ ಇದು ಈಗಲೂ ಬೆರಗು.

ಕವಚ ದಾಟಿದ ಮೇಲೆ ಒಂದು ಜೋಡಿ ಪ್ರೋಟೀನ್‌ಗಳ ಕೆಲಸ. 2005ರಲ್ಲಿ ಜಪಾನಿನಲ್ಲಿ ವೀರ್ಯಾಣುವಿನ ಇಜುಮೊ ಸಿಕ್ಕಿತು, ಮದುವೆ ಸಂಬಂಧ ಕೂಡಿಸುವ ದೇವಾಲಯದ ಹೆಸರು ಅದು. ಅಂಡಾಣುವಿನಲ್ಲಿ ಅದನ್ನು ಹಿಡಿಯುವ ಜೂನೋ ಗೊತ್ತಾಗಿದ್ದು 2014ರಲ್ಲಿ. ಈ ಜೋಡಿ ಮಾತ್ರ ಜಾತಿಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಲ್ಲ, ಮನುಷ್ಯನ ಇಜುಮೊ ಹ್ಯಾಮ್‌ಸ್ಟರ್‌ನ ಜೂನೋಗೂ ಅಂಟುತ್ತದೆ.

ಬದಲಾವಣೆಗೆ ಕಾರಣ ಸುಮಾರಿವೆ. ಒಂದೇ ಹೆಣ್ಣಿನಲ್ಲಿ ಹಲವು ಗಂಡುಗಳ ವೀರ್ಯಾಣು ಪೈಪೋಟಿಗೆ ಬಿದ್ದಾಗ ಬೇಗ ಸೇರುವುದೇ ಗೆಲ್ಲುತ್ತದೆ. ಅಂಡಾಣುವಿಗೆ ಮಾತ್ರ ಆತುರ ಅಪಾಯ. ಎರಡು ವೀರ್ಯಾಣು ಒಳಹೊಕ್ಕರೆ ಭ್ರೂಣ ಸಾಮಾನ್ಯವಾಗಿ ಉಳಿಯುವುದಿಲ್ಲ. ಹಾಗಾಗಿ ಅದೂ ತನ್ನ ಬೀಗ ಬದಲಿಸುತ್ತದೆ, ಆಗ ವೀರ್ಯಾಣುವಿನ ಕೀಲಿಯೂ ಬದಲಾಗಬೇಕಾಗುತ್ತದೆ.